ಹತ್ತೊಂಬತ್ತು ತುಂಬಿದ ಮೇಲೆ ಹುಡುಗಿ ಯಾರ ಹೊಣೆ?

ತೆಲಂಗಾಣದ ಹೆಣ್ಣುಮಕ್ಕಳ ಬಗ್ಗೆ ಕೇಂದ್ರ ಸರ್ಕಾರವೇ ಪ್ರಕಟಿಸಿದ ಎರಡು ಅಂಕಿಗಳಿವೆ. ಅವನ್ನು ಅಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ. ಮುಟ್ಟಿನ ದಿನಗಳಲ್ಲಿ ಶುಚಿಯಾದ ಸಾಧನ ಬಳಸುವ 15ರಿಂದ 24ರ ವಯಸ್ಸಿನವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 76 ಇದ್ದರು. ನಾಲ್ಕು ವರ್ಷದ ನಂತರದ ಸಮೀಕ್ಷೆಯಲ್ಲಿ ಅದು 92ಕ್ಕೆ ಏರಿತು. ಇದೇ ಅವಧಿಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ರಕ್ತಹೀನತೆ ಇರುವವರ ಪ್ರಮಾಣ ನೂರಕ್ಕೆ 60ರ ಆಸುಪಾಸಿನಿಂದ 65ರ ಹತ್ತಿರಕ್ಕೆ ಹೋಯಿತು. ಬಟ್ಟೆ ಹೋಗಿ ಪ್ಯಾಡು ಬಂತು, ಮೈಯ ರಕ್ತ ಮಾತ್ರ ಇನ್ನಷ್ಟು ಇಳಿಯಿತು.

ಪ್ಯಾಡಿನಿಂದ ರಕ್ತಹೀನತೆ ಬಂತೆಂದು ಯಾರೂ ತಪ್ಪು ತಿಳಿಯಬಾರದು. ನಾವು ಹೇಳುತ್ತಿರುವುದು ಬೇರೆ. ಹೆಣ್ಣಿನ ಮುಟ್ಟಿನ ವಿಚಾರದಲ್ಲಿ ಸರ್ಕಾರಕ್ಕೂ ಸಮಾಜಕ್ಕೂ ಕೊಡಲು ಸುಲಭವಾದದ್ದು ವಸ್ತು, ಅದನ್ನು ಕೊಟ್ಟಿದ್ದೇವೆ. ಕೊಡಲು ಕಷ್ಟವಾದದ್ದು ತಿಳಿವಳಿಕೆ, ಅದನ್ನು ಕೈಬಿಟ್ಟಿದ್ದೇವೆ. ಹೀಗೆ ಕೈಬಿಟ್ಟದ್ದರ ಪೂರ್ತಿ ಫಲ ಕಾಣಬೇಕಾದರೆ ಹೈದರಾಬಾದಿನ ವಿಶ್ವವಿದ್ಯಾಲಯಗಳನ್ನು, ಅವುಗಳ ಸುತ್ತ ಹಬ್ಬಿರುವ ಲೇಡೀಸ್ ಹಾಸ್ಟೆಲ್‌ಗಳನ್ನು ನೋಡಬೇಕು.

ಕನ್ನಡದ ಪತ್ರಿಕೆಗೆ ಹೈದರಾಬಾದಿನ ಉಸಾಬರಿ ಏಕೆ ಎಂದು ಕೇಳುವವರಿಗೆ ಉತ್ತರ ಸರಳ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯ ಮನೆಗಳಿಗೆ ಈಗಲೂ ದೊಡ್ಡ ಊರೆಂದರೆ ಬೆಂಗಳೂರಿಗಿಂತ ಮೊದಲು ಹೈದರಾಬಾದೇ. 1956ರವರೆಗೆ ಆಳ್ವಿಕೆಯೇ ಒಂದಾಗಿತ್ತು, ಆಮೇಲೆ ಗಡಿ ಬಂತು. ಆದರೆ ಓದಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗುವ ಬಸ್ಸು ರೈಲುಗಳು ದಿಕ್ಕು ಬದಲಿಸಲಿಲ್ಲ. ಬೀದರಿನ ಹುಡುಗಿಗೆ ಅದು ಮೂರು ಗಂಟೆಯ ದಾರಿ. ಗಚ್ಚಿಬೌಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಉಸ್ಮಾನಿಯಾದಲ್ಲಿ, ನರ್ಸಿಂಗ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರುಗಳಲ್ಲಿ ನಮ್ಮ ಮಕ್ಕಳಿದ್ದಾರೆ. ಕಾಚಿಗುಡ, ಸುಲ್ತಾನ್ ಬಜಾರಿನ ಹಳೆಯ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳೂ ಅಲ್ಲೇ ಓದುತ್ತಾರೆ. ಅವರ ಮೈಗೆ ಆಗುವುದು ನಮ್ಮ ಮನೆಯ ಸಂಗತಿ.

ಈಗ ಯೋಜನೆಗಳನ್ನು ಗಮನಿಸಿ. ಕೇಂದ್ರದ ಮುಟ್ಟಿನ ನೈರ್ಮಲ್ಯ ಯೋಜನೆ 2011ರಲ್ಲಿ ಶುರುವಾಯಿತು, 10ರಿಂದ 19 ವರ್ಷದವರಿಗೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರದು, ಅದೂ 10ರಿಂದ 19ರವರಿಗೆ. ಶಾಲೆಯಲ್ಲಿ ವಾರಕ್ಕೊಮ್ಮೆ ನುಂಗಿಸುವ ಕಬ್ಬಿಣಾಂಶದ ನೀಲಿ ಮಾತ್ರೆ, ಕರ್ನಾಟಕದ ‘ಶುಚಿ’ ಪ್ಯಾಡು, ಎಲ್ಲವೂ ಅದೇ ವಯಸ್ಸಿಗೆ. ಸುಪ್ರೀಂ ಕೋರ್ಟಿನಲ್ಲಿ ಜಯಾ ಠಾಕೂರ್ ಅವರು ಹೂಡಿದ, 2023ರ ಏಪ್ರಿಲಿನಲ್ಲಿ ರಾಷ್ಟ್ರೀಯ ನೀತಿ ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶನ ತಂದ ಅರ್ಜಿ ಕೇಳಿದ್ದೂ 6ರಿಂದ 12ನೇ ತರಗತಿಯ ಹುಡುಗಿಯರಿಗಾಗಿ. ಹತ್ತೊಂಬತ್ತು ತುಂಬಿದ ಹುಡುಗಿಯನ್ನು ಆಡಳಿತ ಮತ್ತೆ ನೆನೆಯುವುದು ಬಹುಮಟ್ಟಿಗೆ ಅವಳು ಬಸುರಿಯಾದಾಗ. ಆಗ ತಾಯಿ ಕಾರ್ಡು ಬರುತ್ತದೆ, ಕಿಟ್ ಬರುತ್ತದೆ. ಮದುವೆ ಇಪ್ಪತ್ತೈದಕ್ಕೆ ಆಯಿತೆಂದರೆ ನಡುವಿನ ಆರು ವರ್ಷ ಅವಳ ಆರೋಗ್ಯದ ಲೆಕ್ಕ ಇಡುವವರು ಇಲ್ಲವೆನ್ನುವಷ್ಟು ಕಡಿಮೆ. ಅನಿಯಮಿತ ಮುಟ್ಟು, ಗದ್ದದ ಕೆಳಗಿನ ಕೂದಲು, ತಡೆಯಲಾರದ ಹೊಟ್ಟೆನೋವು ಮೊದಲ ಬಾರಿಗೆ ಗಟ್ಟಿಯಾಗಿ ತಲೆಯೆತ್ತುವುದು, ಮನೆ ಬಿಟ್ಟು ಒಬ್ಬಳೇ ಬದುಕಲು ಕಲಿಯುವುದು, ಸ್ನೇಹ ಪ್ರೀತಿಯ ಸಂಬಂಧಗಳು ಶುರುವಾಗುವುದು ಸರಿಯಾಗಿ ಅದೇ ಆರು ವರ್ಷಗಳಲ್ಲಿ.

ಕಾಲೇಜಿನ ಹುಡುಗಿಗೆ ಇದೆಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಆಡಳಿತದವರಲ್ಲಿ ಗಟ್ಟಿಯಾಗಿದೆ. ಗೊತ್ತಾಗುವುದು ಎಲ್ಲಿಂದ? ತೆಲಂಗಾಣದಲ್ಲಿ ಇಂಟರ್‌ಮೀಡಿಯೆಟ್‌ಗೆ ಎಂಪಿಸಿ, ಅಂದರೆ ಗಣಿತ, ಭೌತ, ರಸಾಯನಶಾಸ್ತ್ರ, ತೆಗೆದುಕೊಂಡವಳಿಗೆ ಜೀವಶಾಸ್ತ್ರ ಹತ್ತನೆಯ ತರಗತಿಗೇ ಮುಗಿಯುತ್ತದೆ. ಕಾಮರ್ಸ್, ಆರ್ಟ್ಸ್ ಓದಿದವಳಿಗೂ ಅಷ್ಟೇ. ನಮ್ಮ ಪಿಯುಸಿಯ ಕಥೆಯೂ ಬೇರೆಯಲ್ಲ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಬಹಳಷ್ಟು ಶಾಲೆಗಳಲ್ಲಿ ಮೇಷ್ಟ್ರು ಹೂವಿನ ಭಾಗಗಳನ್ನು ವಿವರಿಸಿ, ಮನುಷ್ಯರ ಭಾಗವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಬಿಟ್ಟು ಮುಂದೆ ಹೋಗುತ್ತಾರೆ. ಹೀಗೆ ಬಿಟ್ಟುಹೋದದ್ದನ್ನು ಪದವಿಯಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಕಣ್ಣುಮುಚ್ಚಿ ಬರೆಯಬಲ್ಲ ಬಿ.ಟೆಕ್ ಹುಡುಗಿಗೆ, ಮುಟ್ಟಿನ ಚಕ್ರವನ್ನು ಎಣಿಸುವುದು ರಕ್ತಸ್ರಾವದ ಮೊದಲ ದಿನದಿಂದ ಎನ್ನುವುದು ಗೊತ್ತಿರುವುದಿಲ್ಲ. ಚಕ್ರ 28 ದಿನಕ್ಕೇ ಬರಬೇಕಿಲ್ಲ, 24ರಿಂದ 38 ದಿನದೊಳಗೆ ಬಂದರೆ ಸಹಜ ಎಂದು ಯಾರೂ ಹೇಳಿರುವುದಿಲ್ಲ. ಗಂಟೆಗೊಂದು ಪ್ಯಾಡು ತೊಯ್ಯುತ್ತಿದ್ದರೆ, ಗಡ್ಡೆಗಟ್ಟಿದ ರಕ್ತ ಹೋಗುತ್ತಿದ್ದರೆ, ಏಳೆಂಟು ದಿನ ದಾಟಿದರೂ ನಿಲ್ಲದಿದ್ದರೆ ಅದು ‘ನಮ್ಮ ಮನೆತನದಲ್ಲಿ ಎಲ್ಲರಿಗೂ ಹೀಗೇ’ ಎಂದು ಸುಮ್ಮನಾಗುವ ವಿಷಯವಲ್ಲ, ಪರೀಕ್ಷೆ ಮಾಡಿಸಿಕೊಳ್ಳಬೇಕಾದ ವಿಷಯ. ಆ ಒಂದು ವಾಕ್ಯ ಗೊತ್ತಿಲ್ಲದ್ದರಿಂದ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತ, ಮೊದಲ ಬೆಂಚಿನಲ್ಲೇ ತೂಕಡಿಸುತ್ತ, ‘ಸೋಮಾರಿ’ ಎನ್ನಿಸಿಕೊಂಡು ಪದವಿ ಮುಗಿಸುವ ಹುಡುಗಿಯರಿದ್ದಾರೆ.

ಅಮೀರ್‌ಪೇಟ್ ಅಥವಾ ದಿಲ್‌ಸುಖ್‌ನಗರದ ಹಾಸ್ಟೆಲ್ ಗಲ್ಲಿಯೊಂದರ ಮೆಡಿಕಲ್ ಶಾಪಿನ ಮುಂದೆ ಸಂಜೆ ಏಳರ ಹೊತ್ತಿಗೆ ನಿಂತರೆ ಈ ಶಿಕ್ಷಣದ ಜಾಗವನ್ನು ಏನು ತುಂಬಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ನೇತಾಡುತ್ತಿರುವ ಹುಡುಗಿ ಮಾತಾಡುವುದಿಲ್ಲ, ಮೊಬೈಲಿನ ಪರದೆಯನ್ನು ಗಾಜಿನ ಮೇಲೆ ತಿರುಗಿಸಿ ತೋರಿಸುತ್ತಾಳೆ. ಪರೀಕ್ಷೆಯೋ ಮನೆಯಲ್ಲಿ ಪೂಜೆಯೋ ಇರಬೇಕು, ಮುಟ್ಟು ಮುಂದೂಡುವ ಮಾತ್ರೆ ಬೇಕು. ಅಂಗಡಿಯವನು ಪಟ್ಟಿಯಿಂದ ಒಂಬತ್ತು ಮಾತ್ರೆಗಳನ್ನು ಕತ್ತರಿಯಲ್ಲಿ ಕತ್ತರಿಸುತ್ತಾನೆ. ಹೆಸರೂ ತಾರೀಖೂ ಇದ್ದ ಅಂಚು ಅವನ ಡಬ್ಬಿಗೇ ವಾಪಸಾಗುತ್ತದೆ. ‘ದಿನಕ್ಕೆ ಮೂರು’ ಎನ್ನುತ್ತಾನೆ, ಅಷ್ಟೇ ಸಮಾಲೋಚನೆ. ಅದು ನಾರ್‌ಎಥಿಸ್ಟೆರಾನ್ ಎಂಬ ಹಾರ್ಮೋನು. ವೈದ್ಯರ ಚೀಟಿಯಿಲ್ಲದೆ ಮಾರಬಾರದು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಯಕೃತ್ತಿನ ಕಾಯಿಲೆ ಇದ್ದವರು ತೆಗೆದುಕೊಳ್ಳಬಾರದು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಬರುತ್ತದೆ, ಹೆದರಬೇಕಿಲ್ಲ. ಇವುಗಳಲ್ಲಿ ಒಂದು ಮಾತೂ ಆ ಕೌಂಟರಿನಲ್ಲಿ ಹೊರಡುವುದಿಲ್ಲ. ಪ್ಯಾಡಿನ ಪೊಟ್ಟಣವನ್ನಂತೂ ಕೇಳದೆಯೇ ಕಪ್ಪು ಕವರಿಗೆ ಹಾಕಿ ಕೊಡುತ್ತಾನೆ.

ಹೊಟ್ಟೆನೋವಿನ ಮಾತ್ರೆಯದೂ ಇದೇ ಹಾಡು. ಹಾಸ್ಟೆಲಿನ ಪ್ರತಿ ಕೋಣೆಯ ಪರ್ಸಿನಲ್ಲೂ ಮೆಫೆನಾಮಿಕ್ ಆಮ್ಲದ ಗುಳಿಗೆ ಸಿಗುತ್ತದೆ. ಅದರ ಅಪರೂಪದ, ಆದರೆ ತೀವ್ರವಾದ ಅಲರ್ಜಿಯ ಬಗ್ಗೆ ಭಾರತೀಯ ಔಷಧ ಸಂಹಿತೆ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಆ ಎಚ್ಚರಿಕೆಯನ್ನು ನುಂಗುವವರ ಕೋಣೆಯವರೆಗೆ ತಲುಪಿಸುವ ಹಾದಿ ಮಾತ್ರ ಇಲ್ಲ. ತಿಂಗಳು ತಿಂಗಳೂ ಮಾತ್ರೆಯಿಲ್ಲದೆ ಏಳಲಾಗದಷ್ಟು ನೋವು ಎಂಡೊಮೆಟ್ರಿಯೋಸಿಸ್ ಎಂಬ ಗರ್ಭಕೋಶದ ಒಳಪದರದ ಕಾಯಿಲೆಯ ಲಕ್ಷಣ ಇರಬಹುದು. ಜಗತ್ತಿನಲ್ಲಿ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಅದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದನ್ನು ಪತ್ತೆಹಚ್ಚುವುದು ವರ್ಷಗಟ್ಟಲೆ ತಡವಾಗುವುದಕ್ಕೆ ಮೊದಲ ಕಾರಣ, ನೋವು ಸಹಜವೆಂದು ಎಲ್ಲರೂ ಸೇರಿ ಹುಡುಗಿಯನ್ನು ನಂಬಿಸುವುದು.

ಉಳಿದದ್ದನ್ನು ಮೊಬೈಲು ಕಲಿಸುತ್ತದೆ. ಅಂಡಾಶಯದ ತೊಂದರೆಗೆ ಇಟ್ಟ ಪಿಸಿಓಡಿ ಎಂಬ ನಾಲ್ಕು ಅಕ್ಷರ ಇಂದು ಹಾಸ್ಟೆಲುಗಳಲ್ಲಿ ಹರಡಿರುವಷ್ಟು ಬೇರೆ ಯಾವ ಕಾಯಿಲೆಯ ಹೆಸರೂ ಹರಡಿಲ್ಲ. ಎರಡು ತಿಂಗಳು ಮುಟ್ಟು ತಪ್ಪಿದರೆ ಸಾಕು, ರೀಲ್ಸಿನಲ್ಲಿ ಬರುವ ಯಾರೋ ಒಬ್ಬರು ಪುಡಿ, ಕಷಾಯ, ಡಯಟ್ ಪ್ಲಾನ್ ಮಾರುತ್ತಾರೆ. ಸ್ಕ್ಯಾನಿನಲ್ಲಿ ಅಂಡಾಶಯದ ಸಣ್ಣ ಗುಳ್ಳೆ ಕಂಡಮಾತ್ರಕ್ಕೆ ರೋಗ ಎನ್ನಲು ಬರುವುದಿಲ್ಲ. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನ್ ಈ ಮೂರರಲ್ಲಿ ಎರಡಾದರೂ ಕೂಡಬೇಕು, ಬೇರೆ ಕಾರಣಗಳಿಲ್ಲವೆಂದು ಖಚಿತವಾಗಬೇಕು. ಹಾಗೆ ನಿಜವಾಗಿ ಇದ್ದವಳಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ಈಗಿನಿಂದಲೇ ಗಮನ ಬೇಕು. ಒಬ್ಬಳಿಗೆ ಇಲ್ಲದ ಭಯ ಹುಟ್ಟುತ್ತದೆ, ಇನ್ನೊಬ್ಬಳಿಗೆ ಬೇಕಾದ ಚಿಕಿತ್ಸೆ ತಪ್ಪುತ್ತದೆ. ತುರ್ತು ಗರ್ಭನಿರೋಧಕ ಗುಳಿಗೆ ಚೀಟಿಯಿಲ್ಲದೆ ಸಿಗುತ್ತದೆ, ಸಿಗಬೇಕಾದದ್ದೇ. ಆದರೆ ಅದು 72 ಗಂಟೆಯೊಳಗೆ, ಎಷ್ಟು ಬೇಗನೋ ಅಷ್ಟು ಒಳ್ಳೆಯದು, ಮುಂದಿನ ದಿನಗಳಿಗೆ ಅದು ರಕ್ಷಣೆಯಲ್ಲ, ಆ ತಿಂಗಳ ಮುಟ್ಟು ಹಿಂದುಮುಂದಾಗಬಹುದು ಎಂದು ಹೇಳುವ ಒಬ್ಬ ದೊಡ್ಡವಳು ಇಡೀ ಕ್ಯಾಂಪಸ್ಸಿನಲ್ಲಿ ಇಲ್ಲ.

ನಗರದ ಫ್ಲೈಓವರುಗಳ ಪಕ್ಕದ ಹೋರ್ಡಿಂಗುಗಳನ್ನೂ ನೋಡಿ: ಐವಿಎಫ್, ಫರ್ಟಿಲಿಟಿ, ನಗುವ ಮಗು. 2025ರ ಜುಲೈನಲ್ಲಿ ಸಿಕಂದರಾಬಾದಿನ ಒಂದು ಫರ್ಟಿಲಿಟಿ ಕೇಂದ್ರದ ಮೇಲೆ, ಬಾಡಿಗೆ ತಾಯ್ತನದ ಹೆಸರಿನಲ್ಲಿ ಬೇರೆಯವರ ಮಗುವನ್ನು ಕೊಟ್ಟ ಆರೋಪದಲ್ಲಿ ಪೊಲೀಸರು ದಾಳಿ ಮಾಡಿ ಬಂಧನಗಳಾದವು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆಯ ಪ್ರಕಾರ ಅಂಡಾಣು ದಾನ ಮಾಡುವವಳಿಗೆ 23ರಿಂದ 35 ವರ್ಷವಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಮಾಡಬಹುದು. ಸ್ನಾತಕೋತ್ತರ ಓದುವ, ಫೀಸಿಗೆ ಪರದಾಡುವ ಹುಡುಗಿಯ ವಯಸ್ಸು ಅದೇ. ಈ ಕಾಯ್ದೆಯ ಹೆಸರನ್ನು ಅವಳಿಗೆ ಯಾವ ತರಗತಿಯಲ್ಲಿ ಹೇಳಿದ್ದೇವೆ?

ನಮಗೆ ಇಷ್ಟು ನೋವಾಗುವುದಕ್ಕೆ ಕಾರಣ, ಹೆಣ್ಣಿನ ಓದು ಆರೋಗ್ಯಗಳ ವಿಚಾರದಲ್ಲಿ ಹೈದರಾಬಾದಿಗೆ ಇದ್ದ ಹಿರಿಮೆ. ಹೈದರಾಬಾದ್ ಮೆಡಿಕಲ್ ಸ್ಕೂಲು 1885ರಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಆ ತಂಡದಲ್ಲಿದ್ದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಹೆಸರಾದರು. 1924ರಲ್ಲಿ ಹುಟ್ಟಿದ ಕೋಠಿ ಮಹಿಳಾ ಕಾಲೇಜು ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಕಂಬಗಳ ನಡುವೆ ತಲೆಮಾರುಗಟ್ಟಲೆ ಹುಡುಗಿಯರನ್ನು ಓದಿಸಿ, ಈಗ ತೆಲಂಗಾಣದ ರೈತ ಹೋರಾಟಗಾರ್ತಿ ಚಾಕಲಿ ಐಲಮ್ಮನ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯವಾಗಿದೆ. ಅದರ ಕೂಗಳತೆಯಲ್ಲಿ ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆ. ಉಸ್ಮಾನಿಯಾದ ಪಕ್ಕ, ತಾರ್ನಾಕಾದಲ್ಲಿ, ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ. ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಗಂಡಿಗೆ 19 ಸಾಕು ಎಂದು ಇಡೀ ದೇಶಕ್ಕೆ ಲೆಕ್ಕ ಹೇಳುವ ಸಂಸ್ಥೆ ಅದು. ಗೋಡೆಯಾಚೆಯ ಹಾಸ್ಟೆಲಿನ ಮೆಸ್ಸಿನಲ್ಲಿ ಬಿಳಿ ಅನ್ನ, ನೀರು ಸಾಂಬಾರು, ಊಟವಾದ ತಕ್ಷಣ ಚಹಾ. ಚಹಾ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುತ್ತದೆ ಎಂಬ ಮಾತು ಆ ಗೋಡೆ ದಾಟಿ ಬಂದಿಲ್ಲ.

ಹೆಣ್ಣಿಗೆ ತಿಳಿಸದೆ ಅವಳ ಮೈಮೇಲೆ ಕೈಯಿಟ್ಟರೆ ಏನಾಗುತ್ತದೆ ಎಂಬುದನ್ನು ಈ ನಗರ ಒಮ್ಮೆ ಬಹಳ ಹತ್ತಿರದಿಂದ ಕಂಡಿತ್ತು. 1985ರಲ್ಲಿ ನಗರದ ಅಂಚಿನ ಪಟಾನ್‌ಚೆರುವಿನ ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗ ನಡೆಯುತ್ತಿತ್ತು. ಅದು ಪ್ರಯೋಗ ಎನ್ನುವುದೇ ಬಂದ ಬಡ ಹೆಂಗಸರಿಗೆ ಸರಿಯಾಗಿ ಗೊತ್ತಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನೆಯ ಮಹಿಳೆಯರು ಅಲ್ಲಿಗೆ ಹೋಗಿ ಪ್ರಶ್ನಿಸಿದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. 1991ರಲ್ಲಿ ಹೈದರಾಬಾದಿನ ಮಹಿಳೆಯರು ಸೇರಿ ‘ಸವಾಲಕ್ಷ ಸಂದೇಹಾಲು’ ಎಂಬ ತೆಲುಗು ಆರೋಗ್ಯ ಪುಸ್ತಕ ತಂದರು. ಪೌಷ್ಟಿಕತೆ ಸಂಸ್ಥೆಯ ವೈದ್ಯೆ ವೀಣಾ ಶತ್ರುಘ್ನ ಅದನ್ನು ಬರೆದವರಲ್ಲಿ ಒಬ್ಬರು. ಮುಟ್ಟು, ಬಿಳಿಸೆರಗು, ಗರ್ಭ, ಗರ್ಭಪಾತ, ಹೆರಿಗೆ ಎಲ್ಲವನ್ನೂ ಓದುವ ಹೆಣ್ಣಿನ ಪಕ್ಕ ಕುಳಿತು ಮಾತಾಡಿದ ಹಾಗೆ ಹೇಳಿದ ಪುಸ್ತಕ. ಅದೇ ಪರಂಪರೆಯ ಅನ್ವೇಷಿ ಸಂಸ್ಥೆಯ ವಿದ್ವಾಂಸರು 2015ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾದ ಜೆಎನ್‌ಟಿಯುವಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ‘ಟುವರ್ಡ್ಸ್ ಎ ವರ್ಲ್ಡ್ ಆಫ್ ಈಕ್ವಲ್ಸ್’ ಎಂಬ ದ್ವಿಭಾಷಾ ಪಠ್ಯ ರೂಪಿಸಿಕೊಟ್ಟರು. ಹುಡುಗ ಹುಡುಗಿಯರಿಬ್ಬರೂ ಕಡ್ಡಾಯವಾಗಿ ಓದಬೇಕಾದ ಪಠ್ಯ. ದೇಶದಲ್ಲಿ ಅಂಥದು ವಿರಳ.

ಆ ವಿಷಯ ಇಂದು ಜೆಎನ್‌ಟಿಯುವಿನ ಪಠ್ಯಕ್ರಮದಲ್ಲಿ ‘ಜೆಂಡರ್ ಸೆನ್ಸಿಟೈಸೇಷನ್ ಲ್ಯಾಬ್’ ಎಂಬ ಹೆಸರಿನಲ್ಲಿದೆ. ಕಡ್ಡಾಯ, ಆದರೆ ಕ್ರೆಡಿಟ್ ಶೂನ್ಯ. ಶೂನ್ಯ ಕ್ರೆಡಿಟ್ಟಿನ ಪಾಠಕ್ಕೆ ಕಾಲೇಜು ಎಂಥ ಮೇಷ್ಟ್ರನ್ನು ಹಾಕುತ್ತದೆ, ಯಾವ ಹೊತ್ತಿನ ಪಿರಿಯಡ್ ಕೊಡುತ್ತದೆ ಎಂಬುದು ಕಾಲೇಜು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಪಟಾನ್‌ಚೆರುವಿಗೆ ಹೋಗಿ ಪ್ರಶ್ನೆ ಕೇಳಿದ ನಗರ, ಪುಸ್ತಕ ಬರೆದ ನಗರ, ಪಠ್ಯ ಮಾಡಿಕೊಟ್ಟ ನಗರ ಈಗ ತನ್ನ ವಿದ್ಯಾರ್ಥಿನಿಯರನ್ನು ಮೆಡಿಕಲ್ ಶಾಪಿನ ಕತ್ತರಿಗೂ ರೀಲ್ಸಿಗೂ ಒಪ್ಪಿಸಿ ಕೂತಿದೆ. ಇದನ್ನು ನಾವು ಕುಸಿತ ಎನ್ನುತ್ತೇವೆ.

ತಿಳಿವಳಿಕೆಯ ಜಾಗಕ್ಕೆ ವಾರ್ಡನ್ ಬಂದು ನಿಂತ ಉದಾಹರಣೆಯೂ ಇದೇ ನೆಲದ್ದು. 2009ರಲ್ಲಿ ಅಂದಿನ ಆಂಧ್ರಪ್ರದೇಶದ, ಇಂದಿನ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಲಾಯಿತು. ಕೆಲವು ಸಾವುಗಳ ವರದಿ ಬಂದು 2010ರಲ್ಲಿ ಕಾರ್ಯಕ್ರಮ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ, ಪರಿಶೀಲಿಸಿದ 9,543 ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್ನರೇ ಸಹಿ ಹಾಕಿದ್ದರು ಎಂದು ಸಂಸದೀಯ ಸಮಿತಿಯ 2013ರ ವರದಿ ದಾಖಲಿಸಿದೆ. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಆ ಲಸಿಕೆ ಒಳ್ಳೆಯದು, ಬೇಕಾದದ್ದು. ದೇಶದ್ದೇ ಆದ ಲಸಿಕೆ 2022ರಲ್ಲಿ ಸಿದ್ಧವೂ ಆಯಿತು. ಆದರೂ ಇಂದು ಇಪ್ಪತ್ತರ ಹುಡುಗಿಗೆ ಅದರ ಬಗ್ಗೆ ಸಂಶಯ, ಅಪ್ಪ ಅಮ್ಮನಿಗೆ ಭಯ. ಅಂದು ಹೇಳದೆ ಚುಚ್ಚಿದ್ದರ ಫಲ ಇಂದೂ ಉಣ್ಣುತ್ತಿದ್ದೇವೆ.

ಇನ್ನು ತಾಯಂದಿರ ಕಥೆ. ಅದನ್ನು ಇಲ್ಲಿ ಹೇಳದೆ ಗತಿಯಿಲ್ಲ. ದೇಶದಲ್ಲಿ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರೆ ತೆಲಂಗಾಣ, ಆಂಧ್ರಗಳಲ್ಲಿ ಆ ಪ್ರಮಾಣ ಎಂಟು ಒಂಬತ್ತು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಬಹುತೇಕ ಲಂಬಾಣಿ ತಾಂಡಾದವರು, ದಲಿತ ಕೇರಿಯವರು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ದಾರಿ ಎಲ್ಲ ಕಡೆಯೂ ಒಂದೇ. ಬಿಳಿಸೆರಗು, ಸೊಂಟನೋವು, ಹೆಚ್ಚು ಸ್ರಾವ ಎಂದು ಹೋದವಳಿಗೆ ಸ್ಕ್ಯಾನ್, ‘ಗರ್ಭಕೋಶ ಊದಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಒಂದು ಮಾತು, ವಾರದೊಳಗೆ ಆಪರೇಷನ್. ಔಷಧಿಯಲ್ಲಿ ವಾಸಿಯಾಗುವ ಸೋಂಕಿಗೆ ಮೂವತ್ತರ ಹರೆಯದಲ್ಲೇ ಅಂಗ ಕಳೆದುಕೊಂಡವರು ಎಷ್ಟೋ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂಳೆ ಸವೆಯುವುದು, ಹೃದಯದ ತೊಂದರೆ ಬೇಗ ಬರುತ್ತದೆ. ಡಾ. ನರೇಂದ್ರ ಗುಪ್ತ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಲು ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಆ ತಾಂಡಾದ, ಆ ಕೇರಿಯ ಮೊದಲ ಪದವೀಧರೆ ಇಂದು ಹೈದರಾಬಾದಿನ ಹಾಸ್ಟೆಲಿನಲ್ಲಿದ್ದಾಳೆ. ಊರಿಗೆ ಹೋದಾಗ ಅವ್ವ, ಚಿಕ್ಕವ್ವ, ಅಕ್ಕ ಸ್ಕ್ಯಾನಿನ ಚೀಟಿ ಹಿಡಿದು ‘ಇದ್ರಾಗ ಏನ್ ಬರ್ದಾರ ನೋಡವ್ವಾ’ ಎನ್ನುವುದು ಅವಳನ್ನೇ. ಅವಳಿಗೆ ಗೊತ್ತಿದ್ದರೆ ‘ತಡಿ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ’ ಎಂದಾಳು. ಒಬ್ಬಳಿಗೆ ಕಲಿಸಿದ್ದು ಒಂದು ಮನೆಯ ಮೂರು ಗರ್ಭಕೋಶಗಳನ್ನು ಉಳಿಸಬಹುದು. ವಿಶ್ವವಿದ್ಯಾಲಯದಲ್ಲಿ ಈ ಶಿಕ್ಷಣ ಬೇಕೆಂದು ನಾವು ಹಟ ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಕಲಿಸುವ ಬದಲು ಹೊರಗಿಡುವ ಚಾಳಿ ಆಡಳಿತಕ್ಕೆ ಹಳೆಯದು. 2017ರಲ್ಲಿ ತೆಲಂಗಾಣದ ಸಮಾಜ ಕಲ್ಯಾಣ ವಸತಿ ಮಹಿಳಾ ಪದವಿ ಕಾಲೇಜುಗಳ ಪ್ರವೇಶ ಪ್ರಕಟಣೆ, ಅವಿವಾಹಿತರು ಮಾತ್ರ ಅರ್ಜಿ ಹಾಕಬೇಕು ಎಂದಿತ್ತು. ಬಾಲ್ಯವಿವಾಹಕ್ಕೆ ಸಿಕ್ಕು ಬಿಡಿಸಿಕೊಂಡು ಓದಲು ಬಂದವಳಿಗೆ ಬಾಗಿಲು ಮುಚ್ಚಿದ ಆ ಸಾಲು ದೇಶದಾದ್ಯಂತ ಟೀಕೆಗೆ ಗುರಿಯಾಯಿತು. ಕಾನೂನಿನ ಅರಿವೂ ಅಷ್ಟಕ್ಕಷ್ಟೇ. ಹದಿನೆಂಟು ತುಂಬಿದ ಹೆಣ್ಣಿನ ಗರ್ಭಪಾತಕ್ಕೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನದೋ ತಂದೆಯದೋ ಸಹಿ ಬೇಕಿಲ್ಲ. ಅವಳ ಗುರುತನ್ನು ವೈದ್ಯರು ಗುಟ್ಟಾಗಿ ಇಡಬೇಕು. ಮದುವೆಯಾಗಿದೆಯೋ ಇಲ್ಲವೋ ಎಂಬ ಭೇದ ಸಲ್ಲದು ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ. ಇದು ತಿಳಿಯದ ಹುಡುಗಿ ಹೆದರಿ, ಗೆಳತಿಯ ಗೆಳೆಯನ ಮೂಲಕ ಮಾತ್ರೆ ತರಿಸಿ, ಬೀಗ ಹಾಕಿದ ಕೋಣೆಯಲ್ಲಿ ರಕ್ತಸ್ರಾವದಿಂದ ನರಳುತ್ತಾಳೆ. ಇದನ್ನು ಅವಳಿಗೆ ತಿಳಿಸಿದರೆ ಹುಡುಗಿಯರು ಹಾದಿ ತಪ್ಪುತ್ತಾರೆ ಎನ್ನುವವರು, ತಿಳಿಸದೆ ಇದ್ದಾಗ ಏನಾಗುತ್ತಿದೆ ಎಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂದು ರಾತ್ರಿ ಕೂತು ನೋಡಲಿ.

ಮುಟ್ಟಿನ ರಜೆಯ ಚರ್ಚೆ ಈಗ ಜೋರಾಗಿದೆ. ಕೇರಳ 2023ರಲ್ಲಿ ತನ್ನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರ ಕಡ್ಡಾಯ ಹಾಜರಾತಿಯನ್ನು ನೂರಕ್ಕೆ 75ರಿಂದ 73ಕ್ಕೆ ಇಳಿಸಿತು. ಕರ್ನಾಟಕದ ಸಂಪುಟ 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ವೇತನಸಹಿತ ರಜೆಗೆ ಒಪ್ಪಿತು. ಎರಡನ್ನೂ ನಾವು ಸ್ವಾಗತಿಸುತ್ತೇವೆ. ಆದರೆ ಅರಿವಿಲ್ಲದ ಆಡಳಿತದ ಕೈಯಲ್ಲಿ ಸೌಲಭ್ಯವೂ ಶಿಕ್ಷೆಯಾಗುತ್ತದೆ. 2020ರಲ್ಲಿ ಗುಜರಾತಿನ ಭುಜ್‌ನ ಕಾಲೇಜು ಹಾಸ್ಟೆಲೊಂದರಲ್ಲಿ ಮುಟ್ಟಾಗಿಲ್ಲವೆಂದು ಸಾಬೀತು ಮಾಡಲು 68 ವಿದ್ಯಾರ್ಥಿನಿಯರ ಒಳಉಡುಪು ಬಿಚ್ಚಿಸಲಾಯಿತು. 2025ರ ಅಕ್ಟೋಬರಿನಲ್ಲಿ ರೋಹ್ಟಕ್‌ನ ವಿಶ್ವವಿದ್ಯಾಲಯದಲ್ಲಿ ಮುಟ್ಟಾಗಿದ್ದೇವೆ ಎಂದ ಸಫಾಯಿ ಕೆಲಸದ ಹೆಂಗಸರಿಗೆ ಫೋಟೋ ತೆಗೆದು ಪುರಾವೆ ಕೊಡಿ ಎನ್ನಲಾಯಿತು. ಎರಡೂ ನಡೆದದ್ದು ವಿದ್ಯೆಯ ಆವರಣದಲ್ಲಿ, ಓದಿದವರ ಕಣ್ಣೆದುರು.

ಕಲಿಸಲು ಇರುವ ಈ ಹಿಂಜರಿಕೆಯಲ್ಲಿ ರಾಜಕೀಯದ ಪಾಲೂ ಇದೆ. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡವೆಂದವು. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಸಲ್ಲದು ಎಂದಿತು. ನಮ್ಮ ಸಂಸ್ಕೃತಿಗೆ ಒಗ್ಗದು ಎನ್ನುವುದೇ ಕಾರಣ. ಯಾವ ಸಂಸ್ಕೃತಿ? ಇದೇ ಹೈದರಾಬಾದ್ ಸಂಸ್ಥಾನದಲ್ಲಿದ್ದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ರಜಸ್ಸೂತಕವನ್ನೂ ಸೇರಿಸಿ ಐದು ಸೂತಕಗಳನ್ನು ಅಲ್ಲಗಳೆದವರು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ತಾಯಿ-ಮಗು’ ಬರೆದು ಮನೆಮನೆಯ ಹೆಣ್ಣುಮಕ್ಕಳಿಗೆ ಮೈಯ ಅರಿವು ಕೊಟ್ಟರು. ಅವನ್ನು ಅಮ್ಮಂದಿರೇ ಕೊಂಡು ಮಗಳ ಕೈಗಿಟ್ಟ ಕಾಲವಿತ್ತು. ಅಷ್ಟು ಪ್ರೀತಿಯಿಂದ, ಅಷ್ಟು ನೇರವಾಗಿ ಇಂದಿನ ಇಪ್ಪತ್ತರ ಹುಡುಗಿಗೆ ಮಾತಾಡುವ, ಇಂದಿನ ವೈದ್ಯಕೀಯಕ್ಕೆ ಸರಿಯಾದ ಪುಸ್ತಕ ನಮ್ಮ ಎಷ್ಟು ಕಾಲೇಜು ಗ್ರಂಥಾಲಯಗಳಲ್ಲಿದೆ?

ಮಾಡಬೇಕಾದದ್ದು ದೊಡ್ಡ ಹಣದ ಕೆಲಸವಲ್ಲ. ಸುಪ್ರೀಂ ಕೋರ್ಟು ಹೇಳಿದ ಮೇಲೆ ಪರಿಸರ ಅಧ್ಯಯನ ದೇಶದ ಎಲ್ಲ ಪದವಿಗಳಲ್ಲಿ ಕಡ್ಡಾಯವಾಯಿತು. ಇಂಗ್ಲಿಷ್ ಓದುವವನೂ ಓದುತ್ತಾನೆ, ಗಣಿತ ಓದುವವಳೂ ಓದುತ್ತಾಳೆ. ಯುಜಿಸಿಯ 2022ರ ಪಠ್ಯಕ್ರಮ ಚೌಕಟ್ಟಿನಲ್ಲಿ ಆರೋಗ್ಯ ಮತ್ತು ಸ್ವಾಸ್ಥ್ಯದ ಮೌಲ್ಯವರ್ಧಿತ ಕೋರ್ಸಿಗೆ ಜಾಗವಿದೆ. ಅದನ್ನು ಯೋಗಾಸನದ ಪಟ್ಟಿಯಿಂದ ತುಂಬಿ ಮುಗಿಸದೆ, ಮುಟ್ಟು, ಗರ್ಭನಿರೋಧ, ರಕ್ತಹೀನತೆ, ಸೋಂಕು, ಒಪ್ಪಿಗೆ, ಕಾನೂನು ಇವನ್ನು ಅಂಕವಿರುವ ಪಾಠವಾಗಿ ಸೇರಿಸಬೇಕು. ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರನ್ನು ಸೆಮಿನಾರ್ ಹಾಲಿನಲ್ಲಿ ಕೂಡಿಹಾಕಿ, ಪ್ಯಾಡು ಕಂಪನಿಯವರಿಂದ ಮುಕ್ಕಾಲು ಗಂಟೆ ಮಾತಾಡಿಸಿ ಮಾದರಿ ಪೊಟ್ಟಣ ಹಂಚುವ ಕಾರ್ಯಕ್ರಮವನ್ನು ಶಿಕ್ಷಣ ಎಂದು ವರದಿ ಬರೆಯುವುದು ನಿಲ್ಲಬೇಕು. ನಾಳೆ ವಾರ್ಡನ್ನಿನ ಮೇಲಧಿಕಾರಿ, ಮೆಡಿಕಲ್ ಶಾಪಿನ ಮಾಲೀಕ, ಗಂಡ, ಕುಲಸಚಿವ ಆಗುವವನು ಆ ಹುಡುಗನೇ.

ಪಾಠವಾದ ಮೇಲೆ ಹೋಗಿ ಕೇಳಲು ಒಬ್ಬರು ಬೇಕು. ತೆಲಂಗಾಣ ಸರ್ಕಾರ 2023ರ ಮಾರ್ಚ್ 8ರಂದು ‘ಆರೋಗ್ಯ ಮಹಿಳಾ’ ಯೋಜನೆ ಆರಂಭಿಸಿ, ಮಂಗಳವಾರಗಳಂದು ಹೆಂಗಸರಿಗಾಗಿಯೇ ಕ್ಲಿನಿಕ್ ಇಟ್ಟಿತು. ಮುಟ್ಟಿನ ತೊಂದರೆ, ಪಿಸಿಓಡಿಯ ತಪಾಸಣೆಯೂ ಅದರಲ್ಲಿತ್ತು. ಒಳ್ಳೆಯ ಯೋಚನೆ. ಆದರೆ ಮಂಗಳವಾರ ಕಾಲೇಜಿರುತ್ತದೆ, ಹಾಜರಾತಿ ನೂರಕ್ಕೆ 75 ಇರಲೇಬೇಕು. ಆ ಕ್ಲಿನಿಕ್ಕನ್ನೇ ಸಂಜೆ ಹೊತ್ತು ಕ್ಯಾಂಪಸ್ಸಿಗೆ ತರಲು ಏನು ಅಡ್ಡಿ? ಪ್ರವೇಶದ ದಿನ ಅಂಕಪಟ್ಟಿ ಪರಿಶೀಲಿಸುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ ಹಿಮೋಗ್ಲೋಬಿನ್ ನೋಡಬಹುದು. 12 ಗ್ರಾಮಿಗಿಂತ ಕಡಿಮೆ ಇದ್ದವಳಿಗೆ ಮಾತ್ರೆ, ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ. ಸುಲ್ತಾನ್ ಬಜಾರಿನ ಹೆರಿಗೆ ಆಸ್ಪತ್ರೆಯ ಒಬ್ಬ ವೈದ್ಯೆ ವಾರಕ್ಕೆರಡು ಸಂಜೆ ಕೋಠಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ನಡೆದೇ ಬರಬಹುದು. ಕೇಳಿದ್ದನ್ನು ಮನೆಗೂ ವಾರ್ಡನ್ನಿಗೂ ತಿಳಿಸುವುದಿಲ್ಲ ಎಂದು ಬಾಗಿಲ ಮೇಲೆ ಬರೆದಿರಬೇಕು, ಅದನ್ನು ಪಾಲಿಸಲೂಬೇಕು. ಅಲ್ಲಿ ಸಿಗುವ ಪುಸ್ತಿಕೆ ತೆಲುಗು, ಉರ್ದುವಿನ ಜೊತೆಗೆ ಕನ್ನಡದಲ್ಲೂ ಇರಬೇಕು. ಆ ಪುಸ್ತಿಕೆ ಬರೆಯುವ ಕೆಲಸವನ್ನು ಕಲಬುರಗಿ, ರಾಯಚೂರು, ಬೀದರಿನ ವೈದ್ಯಕೀಯ ಕಾಲೇಜುಗಳ ವೈದ್ಯೆಯರು, ಗುಲ್ಬರ್ಗ ವಿಶ್ವವಿದ್ಯಾಲಯದ ಕನ್ನಡ ಮತ್ತು ಮಹಿಳಾ ಅಧ್ಯಯನ ವಿಭಾಗದವರು ಕೂಡಿ ವಹಿಸಿಕೊಳ್ಳಬೇಕೆಂದು ಈ ಪತ್ರಿಕೆ ಕೇಳುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮುಂದಿನ ಕ್ರಿಯಾಯೋಜನೆಯಲ್ಲಿ ಅದರ ಮುದ್ರಣಕ್ಕೆ ಹಣ ತೆಗೆದಿಡಲಿ. ಪ್ರಕಟಿಸಲು ನಮ್ಮ ಪುಟಗಳನ್ನೂ ಬಿಟ್ಟುಕೊಡುತ್ತೇವೆ, ಒಂದೊಂದು ಅಧ್ಯಾಯವಾಗಿ, ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಶುರುವಾಗುವ ಮೊದಲೇ.